ಚಿನ್ನದಂಗಡಿಯ ಚೀಟಿ ಉಲ್ಕೆಯ ಪ್ರಮಾಣಪತ್ರವಲ್ಲ

ಶಿಲಾ ಉಲ್ಕೆಗಳ ಬಗ್ಗೆ ಬರುವ ಪತ್ರಗಳಲ್ಲಿ ಈಚೆಗೆ ಹೆಚ್ಚಿನವು ಒಂದೇ ಪ್ರಶ್ನೆಯನ್ನು ಕೇಳುತ್ತಿವೆ. ಒಬ್ಬೊಬ್ಬರಿಗೆ ಬೇರೆ ಬೇರೆಯಾಗಿ ಉತ್ತರಿಸಿ ಸಾಕಾಗಿದೆ. ಅದಕ್ಕಿಂತ ಮುಖ್ಯವಾಗಿ, ಕೆಲವರು ಹಣ ಕಳೆದುಕೊಳ್ಳುವ ಅಂಚಿಗೆ ಬಂದಿದ್ದಾರೆ. ಆದ್ದರಿಂದ ಮೊದಲ ಪ್ರಶ್ನೆಗೆ ಇಲ್ಲಿ ವಿವರವಾಗಿಯೇ ಬರೆಯುತ್ತೇನೆ.

ನೆಲಮಂಗಲದ ಬಳಿ ನಮ್ಮ ಹೊಲದಲ್ಲಿ ಒಂದೂಕಾಲು ಕಿಲೋ ತೂಕದ ಕಪ್ಪು ಕಲ್ಲು ಸಿಕ್ಕಿದೆ. ಅಯಸ್ಕಾಂತಕ್ಕೆ ಅಂಟುತ್ತದೆ. ಚಿನ್ನ ಪರೀಕ್ಷಿಸುವ ಯಂತ್ರದಲ್ಲಿ ಇಟ್ಟಾಗ ಕಬ್ಬಿಣ ಶೇ 81, ಕ್ಯಾಲ್ಸಿಯಂ ಶೇ 9, ಮ್ಯಾಂಗನೀಸ್ ಶೇ 4, ಇರಿಡಿಯಂ ಶೇ 0.4 ಎಂದು ಚೀಟಿ ಬಂತು. ಉಲ್ಕೆಯೆಂದು ಪ್ರಮಾಣಪತ್ರ ಮಾಡಿಸಿ ಮಾರಿಕೊಡುತ್ತೇನೆಂದು ಒಬ್ಬರು ಮುಂಗಡ ಕೇಳುತ್ತಿದ್ದಾರೆ. ಕೊಡಬಹುದೇ?

ಒಂದು ರೂಪಾಯಿಯನ್ನೂ ಕೊಡಬೇಡಿ. ನಿಮ್ಮ ಬಳಿ ಇರುವುದು ಕಬ್ಬಿಣದ ಕಿಟ್ಟ, ಅಂದರೆ ಕುಲುಮೆಯ ಕಸ.

ಚಿನ್ನದಂಗಡಿಯ ಯಂತ್ರವು ಎಕ್ಸ್-ಕಿರಣ ಹಾಯಿಸಿ ಲೋಹಗಳನ್ನು ಗುರುತಿಸುತ್ತದೆ. ಒಡವೆಯಲ್ಲಿ ಚಿನ್ನ, ಬೆಳ್ಳಿ, ತಾಮ್ರ ಎಷ್ಟಿವೆ ಎಂದು ಹೇಳಲು ಅದನ್ನು ಹೊಂದಿಸಿರುತ್ತಾರೆ. ಕಲ್ಲನ್ನು ಅಳೆಯಲು ಅಲ್ಲ. ಶಿಲಾ ಉಲ್ಕೆಗಳಲ್ಲಿ ಬಹುಪಾಲು ಸಾಮಾನ್ಯ ಕಾಂಡ್ರೈಟ್ ಎಂಬ ಬಗೆಯವು. ಅದರ ತೂಕದಲ್ಲಿ ಮೂರನೆಯ ಒಂದು ಭಾಗಕ್ಕೂ ಹೆಚ್ಚು ಆಮ್ಲಜನಕ, ಸುಮಾರು ಶೇ 18 ಸಿಲಿಕಾನ್, ಶೇ 15ರ ಆಸುಪಾಸು ಮೆಗ್ನೀಸಿಯಂ ಇರುತ್ತವೆ. ಅದರ ಮುಖ್ಯ ಖನಿಜಗಳಾದ ಆಲಿವಿನ್ ಮತ್ತು ಪೈರಾಕ್ಸೀನ್ ಕಟ್ಟಿಕೊಂಡಿರುವುದೇ ಈ ಮೂರರಿಂದ ಮತ್ತು ಒಂದಿಷ್ಟು ಕಬ್ಬಿಣದಿಂದ. ಆಮ್ಲಜನಕ ಆ ಯಂತ್ರಕ್ಕೆ ಕಾಣುವುದೇ ಇಲ್ಲ, ಮೆಗ್ನೀಸಿಯಂ, ಸಿಲಿಕಾನ್‌ಗಳನ್ನೂ ಅದು ಸರಿಯಾಗಿ ಹಿಡಿಯಲಾರದು. ಕಾಣದ್ದನ್ನು ಬಿಟ್ಟು, ಕಂಡದ್ದನ್ನೇ ನೂರಕ್ಕೆ ಹೊಂದಿಸಿ ಚೀಟಿ ಮುದ್ರಿಸುತ್ತದೆ. ನಿಮ್ಮ ಶೇ 81 ಕಬ್ಬಿಣ ಬಂದದ್ದು ಹೀಗೆ.

ಆ ಚೀಟಿಯಲ್ಲಿ ನಂಬಬಹುದಾದದ್ದು ಏನಾದರೂ ಇದ್ದರೆ ಅದು ಅಂಕಿಗಳಲ್ಲ, ಅವುಗಳ ನಡುವಿನ ಅನುಪಾತ. ಸಾಮಾನ್ಯ ಕಾಂಡ್ರೈಟ್‌ಗಳಲ್ಲಿ ಎಚ್, ಎಲ್, ಎಲ್‌ಎಲ್ ಎಂಬ ಮೂರು ಗುಂಪುಗಳಿವೆ. ಎಚ್ ಗುಂಪಿನಲ್ಲಿ ಒಟ್ಟು ಕಬ್ಬಿಣ ಶೇ 27ರಷ್ಟು, ಎಲ್‌ನಲ್ಲಿ ಶೇ 21ರಿಂದ 22, ಎಲ್‌ಎಲ್‌ನಲ್ಲಿ ಶೇ 19ರ ಹತ್ತಿರ. ಕಬ್ಬಿಣ ಹೀಗೆ ಏರಿಳಿದರೂ ನಿಕ್ಕಲ್ ಅದರ ಜೊತೆಯಲ್ಲೇ ಏರಿಳಿಯುತ್ತದೆ: ಮೂರು ಗುಂಪುಗಳಲ್ಲೂ ಹದಿನೇಳು, ಹದಿನೆಂಟು ಪಾಲು ಕಬ್ಬಿಣಕ್ಕೆ ಒಂದು ಪಾಲು ನಿಕ್ಕಲ್. ಭೂಮಿಯ ನಿಕ್ಕಲ್‌ನ ಬಹುಭಾಗ ಕಬ್ಬಿಣದೊಂದಿಗೆ ಗರ್ಭಕ್ಕೆ ಇಳಿದುಹೋಗಿದೆ. ಕಾಂಡ್ರೈಟ್‌ಗಳು ಮಾತ್ರ ಎಂದೂ ಪೂರ್ತಿ ಕರಗದ ಚಿಕ್ಕ ಕಾಯಗಳ ಚೂರುಗಳಾದ್ದರಿಂದ ಸುಮಾರು 456 ಕೋಟಿ ವರ್ಷಗಳ ಹಿಂದಿನ ಆ ಬೆರಕೆಯನ್ನು ಹಾಗೆಯೇ ಉಳಿಸಿಕೊಂಡಿವೆ. ನಿಮ್ಮದು ಕಾಂಡ್ರೈಟ್ ಆಗಿದ್ದರೆ ಶೇ 81 ಕಬ್ಬಿಣದ ಪಕ್ಕದಲ್ಲಿ ನಾಲ್ಕೂವರೆಯಷ್ಟು ನಿಕ್ಕಲ್ ಮುದ್ರಣವಾಗಬೇಕಿತ್ತು. ನಿಮ್ಮ ಚೀಟಿಯಲ್ಲಿ ನಿಕ್ಕಲ್‌ನ ಹೆಸರೇ ಇಲ್ಲ. ಕುಲುಮೆಯ ಕಸದಲ್ಲಿ ಸಹಜವಾಗಿ ಇರುವ ಕ್ಯಾಲ್ಸಿಯಂ ಮತ್ತು ಮ್ಯಾಂಗನೀಸ್ ಧಾರಾಳವಾಗಿವೆ.

ಇನ್ನು ಇರಿಡಿಯಂ ಎಂಬ ಅಪರೂಪದ ಲೋಹ. ಒಂದು ಟನ್ ಕಾಂಡ್ರೈಟ್ ಪುಡಿ ಮಾಡಿದರೂ ಸಿಗುವ ಇರಿಡಿಯಂ ಒಂದು ಗ್ರಾಮಿಗೂ ಕಡಿಮೆ. ನಿಮ್ಮ ಚೀಟಿಯ ಲೆಕ್ಕದಲ್ಲಿ ಟನ್ನಿಗೆ ನಾಲ್ಕು ಕಿಲೋ ಆಯಿತು. ಯಂತ್ರ ಓದುವ ಎಕ್ಸ್-ಕಿರಣಗಳಲ್ಲಿ ಇರಿಡಿಯಂನ ಗೆರೆ ತಾಮ್ರ, ಸತುಗಳ ಗೆರೆಗಳ ಮಗ್ಗುಲಲ್ಲೇ ಬೀಳುವುದರಿಂದ ಇಂಥ ಯಂತ್ರಗಳು ಇಲ್ಲದ ಇರಿಡಿಯಂ ತೋರಿಸುವುದುಂಟು. ಅಕ್ಕಿ ಕಾಳನ್ನು ಸೆಳೆಯುತ್ತದೆಂಬ ‘ರೈಸ್ ಪುಲ್ಲರ್’ ಹೆಸರಿನಲ್ಲಿ ತಾಮ್ರದ ಚೊಂಬಿಗೆ ಇರಿಡಿಯಂ ಶಕ್ತಿಯ ಕಥೆ ಕಟ್ಟಿ ಜನರನ್ನು ಮುಳುಗಿಸಿದ ವಂಚಕರ ದಂಧೆಯೇ ಈಗ ಕಲ್ಲಿನ ವೇಷದಲ್ಲಿ ಬಂದಿದೆ. ಮುಂಗಡ ಕೇಳಿದವರ ಮೇಲೆ ಪೊಲೀಸರಿಗೆ ದೂರು ಕೊಡಿ.

ನೀವು ಕಳಿಸಿದ ಕಲ್ಲಿನ ಚಿತ್ರದಲ್ಲಿ ಮುರಿದ ಮೂಲೆಯನ್ನು ದೊಡ್ಡದು ಮಾಡಿ ನೋಡಿದೆ. ದೋಸೆಯ ಮೈಯಂತೆ ಗಾಳಿಗುಳ್ಳೆಗಳ ತೂತು. ಕಾಂಡ್ರೈಟ್‌ನಲ್ಲಿ ಇಂಥ ತೂತು ಇರುವುದಿಲ್ಲ. ಹೊಸದಾಗಿ ಬಿದ್ದ ಕಾಂಡ್ರೈಟ್‌ನ ಹೊರಮೈಯಲ್ಲಿ ಒಂದು ಮಿಲಿಮೀಟರಿಗಿಂತ ತೆಳುವಾದ ಕಪ್ಪು ಸಿಪ್ಪೆ ಇರುತ್ತದೆ, ಒಳಗೆ ಬೂದಿಬಣ್ಣ. ಕೊಯ್ದು ನಯ ಮಾಡಿದರೆ ರಾಗಿ ಕಾಳಿನಷ್ಟೋ ಅದಕ್ಕಿಂತ ಚಿಕ್ಕವೋ ಆದ ಉಂಡೆಗಳು ಮತ್ತು ಅವುಗಳ ನಡುವೆ ಮಿನುಗುವ ಲೋಹದ ಚುಕ್ಕೆಗಳು ಕಾಣುತ್ತವೆ. ಒಮ್ಮೆ ಕಣ್ಣಾರೆ ಕಂಡವರು ಮರೆಯುವುದಿಲ್ಲ.

ನಿಕ್ಕಲ್ ಕಡಿಮೆ ಇರುವ ಶಿಲಾ ಉಲ್ಕೆಗಳೂ ಇವೆ ಎಂದು ಯಾರಾದರೂ ವಾದಿಸಬಹುದು, ನಿಜ. 1865ರಲ್ಲಿ ಬಿಹಾರದ ಶೆರ್ಘಾಟಿಯಲ್ಲಿ ಬಿದ್ದ ಮಂಗಳ ಗ್ರಹದ ಕಲ್ಲು ಅಂಥದು. ಆದರೆ ಅವು ಬಹಳ ವಿರಳ, ಮತ್ತು ಅವುಗಳನ್ನು ನಿರ್ಧರಿಸುವುದು ತೆಳುಪದರ ಕೊಯ್ದು ಸೂಕ್ಷ್ಮದರ್ಶಕದಲ್ಲಿ ನೋಡಿದ ಮೇಲೆ, ಚೀಟಿ ಓದಿ ಅಲ್ಲ.

ಅಯಸ್ಕಾಂತ ಅಂಟಿದರೆ ಸಾಕಲ್ಲವೇ?

ಸಾಲದು, ಮ್ಯಾಗ್ನೆಟೈಟ್ ಅದಿರಿಗೂ ಅಂಟುತ್ತದೆ. ದಯವಿಟ್ಟು ಬಲವಾದ ಅಯಸ್ಕಾಂತವನ್ನು ಕಲ್ಲಿನ ಹತ್ತಿರ ತರಲೇಬೇಡಿ. ಅದು ನಿಜವಾದ ಉಲ್ಕೆಯೇ ಆಗಿದ್ದರೆ, ತಾನು ಒಡೆದು ಬಂದ ತಾಯಿಕಾಯದಿಂದ ಹೊತ್ತು ತಂದ ಕಾಂತತ್ವದ ಗುರುತು ಒಂದು ಕ್ಷಣದಲ್ಲಿ ಅಳಿಸಿಹೋಗುತ್ತದೆ. ಹೀಗೆ ಹಾಳಾದ ಮಾದರಿಗಳ ಬಗ್ಗೆ ನನಗೆ ಇರುವ ಸಂಕಟ ಸಣ್ಣದಲ್ಲ.

ಮನೆಯಲ್ಲಿ ಉಲ್ಕೆ ಇಟ್ಟುಕೊಂಡರೆ ವಿಕಿರಣದ ಅಪಾಯ ಇದೆಯೇ?

ಇಲ್ಲ, ಸಾಮಾನ್ಯ ಕಾಂಡ್ರೈಟ್‌ಗಿಂತ ನಮ್ಮ ಅಡುಗೆಮನೆ ಕಟ್ಟೆಯ ಗ್ರಾನೈಟ್‌ನಲ್ಲಿ ಯುರೇನಿಯಂ, ಪೊಟ್ಯಾಸಿಯಂ ಎರಡೂ ಬಹಳ ಹೆಚ್ಚು.

ಉಲ್ಕೆಯ ಪುಡಿ ಸೇವಿಸಿದರೆ ಮಂಡಿನೋವು ಹೋಗುತ್ತದೆಯಂತೆ?

ನಿಕ್ಕಲ್ ಮತ್ತು ಗಂಧಕದ ಸಂಯುಕ್ತಗಳಿರುವ ಕಲ್ಲಿನ ಪುಡಿಯನ್ನು ಹೊಟ್ಟೆಗೆ ಹಾಕಿಕೊಳ್ಳಬೇಡಿ, ಕೊಡುವವರನ್ನು ವೈದ್ಯರೆಂದು ಕರೆಯಲೂ ಬೇಡಿ.

ಬೆಂಕಿಯುಂಡೆ ಬಿದ್ದ ಜಾಗದಲ್ಲಿ ಹುಲ್ಲು ಸುಟ್ಟಿತ್ತು, ಅಲ್ಲಿ ಸಿಕ್ಕ ಕಲ್ಲು ಉಲ್ಕೆಯೇ?

ಹುಲ್ಲು ಸುಟ್ಟದ್ದು ಬೇರೆ ಕಾರಣದಿಂದ. ಚಿಕ್ಕ ಉಲ್ಕೆಯ ಉರಿ ನೆಲದಿಂದ ಎಷ್ಟೋ ಕಿಲೋಮೀಟರ್ ಮೇಲೆಯೇ ಆರಿಹೋಗುತ್ತದೆ.

ಕರ್ನಾಟಕದಲ್ಲಿ ನಿಜವಾದ ಉಲ್ಕೆ ಎಂದಾದರೂ ಬಿದ್ದಿದೆಯೇ?

ಬಿದ್ದಿದೆ. 1865ರಲ್ಲಿ ಮದ್ದೂರಿನ ಬಳಿ ಎಲ್ ಗುಂಪಿನದು, 1866ರಲ್ಲಿ ಉಡುಪಿಯಲ್ಲಿ ಎಚ್ ಗುಂಪಿನದು, ಎರಡೂ ಸಾಮಾನ್ಯ ಕಾಂಡ್ರೈಟ್‌ಗಳೇ. ಮುಂದೆ ಸಿಕ್ಕವರು ಅದನ್ನು ತೊಳೆಯದೆ, ಉಜ್ಜದೆ, ಒಣ ಕಾಗದದಲ್ಲಿ ಸುತ್ತಿ, ಸಿಕ್ಕ ಜಾಗ ಮತ್ತು ಹೊತ್ತನ್ನು ಬರೆದಿಟ್ಟು, ಬೆಂಗಳೂರಿನ ಕುಮಾರಸ್ವಾಮಿ ಬಡಾವಣೆಯಲ್ಲಿರುವ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯ ಕಚೇರಿಗೆ ತಿಳಿಸಬೇಕು.