ಮೂತ್ರಪಿಂಡಕ್ಕೆ ಯಾವ ಸಂಸ್ಕೃತಿ?

ಮಾನ್ಯರೇ,

ಆಸ್ಟ್ರೇಲಿಯಾದ ಮೂಲನಿವಾಸಿಗಳ ಆಸ್ಪತ್ರೆಗಳ ಕುರಿತ ನಮ್ಮ ಲೇಖನ ಓದಿ ನೀವು ಬರೆದಿದ್ದೀರಿ: "30 ವರ್ಷ ಸರ್ಕಾರಿ ವೈದ್ಯನಾಗಿದ್ದವನು ಕೇಳುತ್ತಿದ್ದೇನೆ, ಮೂತ್ರಪಿಂಡಕ್ಕೆ ಯಾವ ಸಂಸ್ಕೃತಿ? ಯಂತ್ರ, ಶುದ್ಧ ನೀರು, ನುರಿತ ನರ್ಸ್ ಇದ್ದರೆ ಸಾಕು. ಉಳಿದದ್ದು ಅಲಂಕಾರ."

ರಕ್ತ ಶುದ್ಧಿ ಮಾಡುವ ಡಯಾಲಿಸಿಸ್ ಯಂತ್ರ ಮಧ್ಯ ಆಸ್ಟ್ರೇಲಿಯಾದ ಆಲಿಸ್ ಸ್ಪ್ರಿಂಗ್ಸ್ ನಗರದಲ್ಲಿ ಇದ್ದೇ ಇತ್ತು. ಕಿಂಟೋರ್ ಊರಿನ ಪಿಂಟುಪಿ ಎಂಬ ಮೂಲನಿವಾಸಿ ಜನ ಅದಕ್ಕಾಗಿ ಮರುಭೂಮಿಯಲ್ಲಿ 500 ಕಿಲೋಮೀಟರಿಗೂ ಹೆಚ್ಚು ದೂರ ಬರಬೇಕಿತ್ತು. ಡಯಾಲಿಸಿಸ್ ವಾರಕ್ಕೆ ಮೂರು ಸಲ ಎಂಬುದು ನಿಮಗೆ ಗೊತ್ತು. ಒಮ್ಮೆ ಬಂದವರು ಊರಿಗೆ ಮರಳುವಂತಿರಲಿಲ್ಲ. ಬಂದವರಲ್ಲಿ ಅನೇಕರು ಹಿರಿಯರು; ಯಾವ ಬಂಡೆಗೆ ಯಾವ ಹಾಡು, ಯಾವ ನೀರಿನ ಹೊಂಡದ ಕಥೆ ಯಾರ ಪಾಲಿನದು ಎಂದು ಮೊಮ್ಮಕ್ಕಳಿಗೆ ಕಲಿಸಬೇಕಾದವರು. ಕೆಲವರು ಚಿಕಿತ್ಸೆ ಬಿಟ್ಟು, ಸಾವು ಖಚಿತವೆಂದು ತಿಳಿದೇ ತಮ್ಮ ನೆಲಕ್ಕೆ ಹೊರಟುಹೋದರು. ರೋಗಿಯೇ ಎದ್ದು ಹೋದ ಮೇಲೆ ಯಂತ್ರ ಯಾರಿಗೆ?

ಊರಲ್ಲೇ ಡಯಾಲಿಸಿಸ್ ಸಿಗಲೆಂದು ಕಿಂಟೋರ್ ಮತ್ತು ಕಿವಿರ್ಕುರಾ ಊರುಗಳ ಕಲಾವಿದರು, ಗಂಡಸರೂ ಹೆಂಗಸರೂ, ಗುಂಪುಗೂಡಿ ದೊಡ್ಡ ಚಿತ್ರಗಳನ್ನು ಬರೆದರು. 2000ದ ನವೆಂಬರ್‌ನಲ್ಲಿ ಸಿಡ್ನಿಯಲ್ಲಿ ನಡೆದ ಹರಾಜಿನಲ್ಲಿ ಹತ್ತು ಲಕ್ಷ ಡಾಲರಿಗೂ ಹೆಚ್ಚು ಹಣ ಕೂಡಿತು. ಅದರಿಂದ ಹುಟ್ಟಿದ ಸಂಸ್ಥೆಯನ್ನು ಇಂದು ಜನ 'ಪರ್ಪಲ್ ಹೌಸ್' ಎನ್ನುತ್ತಾರೆ. ಆಡಳಿತ ಮಂಡಳಿ ಮೂಲನಿವಾಸಿಗಳದ್ದೇ. 2004ರಲ್ಲಿ ಕಿಂಟೋರ್‌ನಲ್ಲೇ ಡಯಾಲಿಸಿಸ್ ಆರಂಭವಾಯಿತು. ನಗರದಲ್ಲೇ ಉಳಿಯಬೇಕಾದವರು ಅಂತ್ಯಕ್ರಿಯೆಗೋ ಹಬ್ಬಕ್ಕೋ ಊರಿಗೆ ಹೋಗಿಬರಲೆಂದು ಯಂತ್ರ ಹೊತ್ತ ಲಾರಿಯೂ ಓಡಾಡುತ್ತದೆ. ಇಂಥ ದೂರದ ಊರುಗಳ ಡಯಾಲಿಸಿಸ್‌ಗೆಂದೇ ಅಲ್ಲಿನ ಸರ್ಕಾರಿ ಆರೋಗ್ಯ ವಿಮೆಯಾದ ಮೆಡಿಕೇರ್ ಹಣ ಕೊಡತೊಡಗಿದ್ದು ಮಾತ್ರ 2018ರಲ್ಲಿ. ಈ 14 ವರ್ಷಗಳ ವಿಳಂಬ ನನ್ನಲ್ಲಿ ಸಿಟ್ಟು ತರಿಸುತ್ತದೆ.

ಇನ್ನು ಅಲಂಕಾರ. ಆ ಸಮುದಾಯಗಳಲ್ಲಿ ಅತ್ತೆ, ಅಳಿಯ ಎದುರುಬದುರು ಕೂರುವಂತಿಲ್ಲ. ಒಂದೇ ಬಾಗಿಲು, ಒಂದೇ ಹಜಾರ ಇರುವ ಆಸ್ಪತ್ರೆಗೆ ಇಬ್ಬರೂ ಬಂದರೆ ಒಬ್ಬರು ತೋರಿಸಿಕೊಳ್ಳದೆ ಹಿಂದಿರುಗಬೇಕಾಗುತ್ತದೆ. ದಾಖಲೆಯಲ್ಲಿ ಅವರು 'ಗೈರುಹಾಜರು', ನಮ್ಮ ಕಣ್ಣಿಗೆ ಅಸಡ್ಡೆಯವರು. ಎರಡನೆಯ ಬಾಗಿಲು, ಹೆಂಗಸರಿಗೆ ಬೇರೆ ಜಗಲಿ, ಹೊರಗೆ ಬೆಂಕಿ ಹಾಕಿಕೊಂಡು ಬಂಧುಗಳೊಂದಿಗೆ ಕೂರುವ ಜಾಗ ಇದ್ದರೆ ಅದೇ ರೋಗಿ ಕಾಯುತ್ತಾರೆ. ಅಲ್ಲಿನ ಭಾಷೆ ಬಲ್ಲ ದುಭಾಷಿಯೂ ಬೇಕು; 'ಮೂತ್ರಪಿಂಡ ಕೆಲಸ ನಿಲ್ಲಿಸಿದೆ' ಎಂಬ ಮಾತನ್ನು ಅರೆಬರೆ ಅರ್ಥವಾಗುವ ಇಂಗ್ಲಿಷಿನಲ್ಲಿ ಯಾರೂ ಕೇಳುವಂತಾಗಬಾರದು.

ರೋಗವನ್ನು ಮೊದಲೇ ತಡೆಯಬೇಕೆಂಬ ನಿಮ್ಮ ಮಾತು ಪೂರ್ತಿ ಸರಿ. ಕಿಕ್ಕಿರಿದ ಮನೆ, ಕೆಟ್ಟುನಿಂತ ನಲ್ಲಿ, ಮಕ್ಕಳಿಗೆ ಮತ್ತೆ ಮತ್ತೆ ತಗಲುವ ಚರ್ಮದ ಸೋಂಕು, ಇವೂ ಮೂತ್ರಪಿಂಡವನ್ನು ಹಾಳುಮಾಡುತ್ತವೆ. ಆದರೆ ಮನೆ ರಿಪೇರಿಯಾಗುವವರೆಗೆ ಇಂದಿನ ರೋಗಿಯನ್ನು ಕಾಯಿಸಲಾಗದು.

ನರ್ಸಿಂಗ್ ಮುಗಿಸಿದ ನಿಮ್ಮ ಮೊಮ್ಮಗಳು ಆಸ್ಟ್ರೇಲಿಯಾದ ಡಾರ್ವಿನ್ ನಗರಕ್ಕೆ ಹೊರಟಿದ್ದಾಳೆ ಎಂದು ಬರೆದಿದ್ದೀರಿ. ಅಲ್ಲಿ ಅನೇಕ ಸಮುದಾಯಗಳು ತೀರಿಕೊಂಡವರ ಹೆಸರನ್ನು ಬಹುಕಾಲ ಉಚ್ಚರಿಸುವುದಿಲ್ಲ. ಅದೇ ಹೆಸರಿನ ಬದುಕಿರುವವರನ್ನೂ ಬೇರೆ ಹೆಸರಿನಿಂದ ಕರೆಯುತ್ತಾರೆ. ಸರದಿಯಲ್ಲಿ ಹೆಸರು ಕೂಗುವ ಮೊದಲು, ಪಕ್ಕದಲ್ಲಿರುವ ಮೂಲನಿವಾಸಿ ಆರೋಗ್ಯ ಕಾರ್ಯಕರ್ತೆಯನ್ನು ಒಂದು ಮಾತು ಕೇಳಲು ಅವಳಿಗೆ ಹೇಳಿ.

— ಸಂಪಾದಕ