ದನದ ಬಾಲ ಬಿಡಿ, ಬರೆ ತೋರಿಸಿ

ಪ್ರಶ್ನೆ: ನಾನು ಹೈಸ್ಕೂಲ್ ವಿಜ್ಞಾನದ ಮೇಷ್ಟ್ರು. ಬರೆ (ಗುಡ್ಡದ ಇಳಿಜಾರು) ಯಾಕೆ ಕುಸಿಯುತ್ತದೆ ಅಂತ ಮಳೆಗಾಲಕ್ಕೆ ಮುಂಚೆ ಊರಿನವರಿಗೆ ತಿಳಿಸೋಣ ಎಂದು ಮಕ್ಕಳ ಜೊತೆ ಸೇರಿ ನಾಲ್ಕು ನಿಮಿಷದ ಅನಿಮೇಷನ್ ಮಾಡಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಆಮೇಲೆ ಕೇಳಿದರೆ ಒಬ್ಬರಿಗೂ ಕಾರಣ ಹೇಳಲು ಬರಲಿಲ್ಲ. ಎಲ್ಲಿ ಎಡವಿದೆ? ವಿಡಿಯೊ ಕಳಿಸಿದ್ದೇನೆ.
- ಹೆಸರು ಬೇಡ, ಸೋಮವಾರಪೇಟೆ ತಾಲ್ಲೂಕು

ಉತ್ತರ: ಮೇಷ್ಟ್ರೇ, ಎರಡು ಸಲ ನೋಡಿದೆ. ಚಿತ್ರ ಚೆನ್ನಾಗಿದೆ, ಮಕ್ಕಳಿಗೆ ಶಭಾಸ್ ಹೇಳಿ. ಆದರೆ ಮೋಡ ಓಡುತ್ತದೆ, ಸಿಲ್ವರ್ ಓಕ್ ತೂಗುತ್ತದೆ, ದನ ಬಾಲ ಅಲ್ಲಾಡಿಸುತ್ತದೆ, ಹಾಡು ಬೇರೆ, ಇಷ್ಟರ ನಡುವೆ ನೀರು ಮಣ್ಣಿಗೆ ಇಳಿಯುವುದು ಬರೀ ಆರು ಸೆಕೆಂಡ್! ನೋಡಬೇಕಾದದ್ದು ಅದೊಂದೇ ಅಲ್ವಾ? ನನ್ನ ಕಣ್ಣೂ ದನದ ಬಾಲದ ಮೇಲೇ ಇತ್ತು.

ಚಿತ್ರ ಅಲ್ಲಾಡಿದರೆ ಜಾಸ್ತಿ ಅರ್ಥವಾಗುತ್ತದೆ ಅಂತ ನಾವು ಸುಮ್ನೆ ನಂಬಿಕೊಂಡಿದ್ದೇವೆ. ಬಾರ್ಬರಾ ಟ್ವೆರ್ಸ್ಕಿ ಎಂಬ ಮನಶ್ಶಾಸ್ತ್ರಜ್ಞೆ ಮತ್ತು ಜೊತೆಗಾರರು 2002ರಲ್ಲಿ ಆವರೆಗಿನ ಪ್ರಯೋಗಗಳನ್ನು ಜಾಲಾಡಿದರು. ಅಷ್ಟೇ ಮಾಹಿತಿ ಇರುವ ನಿಂತ ಚಿತ್ರಗಳಿಗಿಂತ ಅನಿಮೇಷನ್ ಮೇಲು ಅನ್ನಲು ಗಟ್ಟಿ ಆಧಾರ ಸಿಗಲಿಲ್ಲ. ಕಣ್ಣು ಹಿಡಿಯುವಷ್ಟರಲ್ಲಿ ಅದು ಮುಂದೆ ಓಡಿರುತ್ತದೆ.

ಹಾಗಾಗಿ ಆ ಓಟವನ್ನು ನೋಡುವವರ ಬೆರಳಿಗೇ ಕೊಟ್ಟುಬಿಡಿ. ಬರೆಯನ್ನು ಕತ್ತಿಯಲ್ಲಿ ಕೊಯ್ದ ಹಾಗೆ ಒಂದೇ ಚಿತ್ರ: ಮೇಲೆ ಮಣ್ಣು, ಅಡಿಯಲ್ಲಿ ಬಂಡೆ, ಬುಡದಲ್ಲಿ ಮನೆ ಕಟ್ಟಲು ಜೆಸಿಬಿಯಲ್ಲಿ ಕಡಿದ ಜಾಗ. ಕೆಳಗೊಂದು ಸ್ಲೈಡರ್, ಎಳೆದಷ್ಟೂ ಮಳೆ. ಮಿಲಿಮೀಟರ್ ಬೇಡ, ನಮ್ಮ ತೋಟದವರು ಮಳೆ ಹೇಳುವುದೇ ಇಂಚು, ಸೆಂಟಿನಲ್ಲಿ (ಇಂಚಿನ ನೂರನೇ ಒಂದು ಭಾಗ). ಒಂದು ಎಕರೆಗೆ ಒಂದು ಇಂಚು ಮಳೆ ಅಂದರೆ ಸುಮಾರು 1 ಲಕ್ಷ ಲೀಟರ್ ನೀರು, 10,000 ಲೀಟರಿನ ಹತ್ತು ಟ್ಯಾಂಕರ್. ಬೆರಳು ಎಳೆದ ಹಾಗೆಲ್ಲ ಗುಡ್ಡದ ಮೇಲೆ ಟ್ಯಾಂಕರ್ ಸಾಲು ಬೆಳೆಯಲಿ, ಆ ಭಾರ ನೋಡಿದವರು ಮರೆಯುವುದಿಲ್ಲ. ಮಣ್ಣಿನ ಸಂದಿಯಲ್ಲಿ ನೀರು ತುಂಬಿ, ಕಣಗಳನ್ನು ತಳ್ಳಿ, ಅವುಗಳ ಹಿಡಿತ ಸಡಿಲವಾಗುವ ಜಾಗವನ್ನು ದೊಡ್ಡದು ಮಾಡಿ ತೋರಿಸಿ. ವಾಪಸ್ ಎಳೆದು ನೋಡಲೂ ಆಗಬೇಕು. ಬುಡ ಕಡಿಯದ ಬರೆಗೆ ಇನ್ನೊಂದು ಬಟನ್ ಇಡಿ, ಅದೇ ಮಳೆಗೆ ಎರಡೂ ಏನಾಗುತ್ತವೆ ಅಂತ ಅವರೇ ಹೋಲಿಸಿಕೊಳ್ಳುತ್ತಾರೆ.

ಇಂತಿಷ್ಟು ಇಂಚಿಗೆ ಕುಸಿಯುತ್ತದೆ ಅಂತ ಮಾತ್ರ ಹಾಕಬೇಡಿ ಮಾರಾಯ್ರೇ. ಏಳು ಅಂತ ಬರೆದರೆ ಆರು ಇಂಚು ಬಿದ್ದ ರಾತ್ರಿ ಯಾರೋ ನಿಶ್ಚಿಂತೆಯಾಗಿ ಮಲಗುತ್ತಾರೆ. ಅದರ ಬದಲು ನೆಲ ಬಿರುಕು ಬಿಡುವುದು, ಮರ ವಾಲುವುದು, ತೋಡಿನ ನೀರು ಇದ್ದಕ್ಕಿದ್ದಂತೆ ಕೆಂಪಾಗುವುದು, ಇವನ್ನು ತೋರಿಸಿ. ಧಡಾರ್ ಅನ್ನುವ ಸದ್ದೂ ತೆಗೆಯಿರಿ. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಗುಡ್ಡ ಜಾರಿದ್ದನ್ನು ಕಣ್ಣಾರೆ ಕಂಡವರು ನಿಮ್ಮೆದುರು ಕೂತಿರಬಹುದು.

ಮಳೆಗಾಲದಲ್ಲಿ ಕರೆಂಟು, ನೆಟ್‌ವರ್ಕ್ ಎರಡೂ ಕೈಕೊಡುವುದು ನಿಮಗೇ ಗೊತ್ತು. ಎಸ್‌ವಿಜಿ (ಗೆರೆಗಳನ್ನು ಕೋಡ್ ಆಗಿ ಬರೆದಿಡುವ) ಚಿತ್ರ ಬಳಸಿ ಎಲ್ಲವನ್ನೂ ಒಂದೇ ಎಚ್‌ಟಿಎಂಎಲ್ (ವೆಬ್ ಪುಟದ) ಫೈಲ್ ಮಾಡಿದರೆ ನೆಟ್ ಇಲ್ಲದೆಯೂ ಫೋನಿನಲ್ಲಿ ತೆರೆಯುತ್ತದೆ. ಸ್ಲೈಡರ್ ಹೆಬ್ಬೆರಳಿಗೆ ಸಿಗುವಷ್ಟು ದಪ್ಪ ಇರಲಿ. ಊರಿಗೆಲ್ಲ ಹಂಚುವ ಮೊದಲು ಯಾರಾದರೂ ಅಜ್ಜಿಯ ಕೈಗೆ ಫೋನ್ ಕೊಟ್ಟು ಬಾಯಿ ಮುಚ್ಚಿಕೊಂಡು ಕೂರಿ (ಮೇಷ್ಟ್ರುಗಳಿಗೆ ಇದು ಕಷ್ಟ!), ಆಮೇಲೆ ಬರೆ ಯಾಕೆ ಜಾರಿತು ಅಂತ ಅವರ ಬಾಯಲ್ಲೇ ಕೇಳಿ. ಅವರು ಎಲ್ಲಿ ತಡವರಿಸುತ್ತಾರೋ ಅಲ್ಲಿ ಚಿತ್ರ ಮತ್ತೆ ಬರೆಯಬೇಕು.