ನ್ಯೂಟನ್ ಜನ್ಮದಿನ: ಡಿಸೆಂಬರ್ 25ಕ್ಕೋ, ಜನವರಿ 4ಕ್ಕೋ?
ಶಾಲೆಯ ‘ಈ ದಿನ’ ಫಲಕಕ್ಕೆ ಬರೆಯಲು ಹುಡುಕಿದರೆ ವಿಜ್ಞಾನಿ ನ್ಯೂಟನ್ ಹುಟ್ಟಿದ ದಿನಕ್ಕೆ ಈ ಎರಡು ತಾರೀಖು ಸಿಗುತ್ತವೆ. ಎರಡೂ ಸರಿ, ಕ್ಯಾಲೆಂಡರ್ ಬೇರೆ ಅಷ್ಟೆ. ಇಂಗ್ಲೆಂಡಿನಲ್ಲಿ ಆಗ ಜೂಲಿಯನ್ ಎಂಬ ಹಳೆಯ ಕ್ಯಾಲೆಂಡರ್ ಲೆಕ್ಕ, ಅದರಂತೆ 1642ರ ಡಿಸೆಂಬರ್ 25. ಅದಕ್ಕೆ 10 ದಿನ ಕೂಡಿಸಿದರೆ ಈಗಿನ ಗ್ರೆಗೋರಿಯನ್‌ನಲ್ಲಿ 1643ರ ಜನವರಿ 4.

ಬೇರೆ ಹಳೆಯ ತಾರೀಖುಗಳಿಗೂ ಹೀಗೇ ಮಾಡಿ. ಮೊದಲು ಘಟನೆ ನಡೆದ ದೇಶ ಯಾವಾಗ ಕ್ಯಾಲೆಂಡರ್ ಬದಲಿಸಿತು ನೋಡಿ: ಬ್ರಿಟನ್ 1752ರ ಸೆಪ್ಟೆಂಬರ್, ರಷ್ಯಾ 1918ರ ಫೆಬ್ರವರಿ. ಅದಕ್ಕೂ ಹಿಂದಿನದಾದರೆ, 1600ರಿಂದ 1700ರ ಫೆಬ್ರವರಿವರೆಗೆ 10 ದಿನ, 1800ರ ಫೆಬ್ರವರಿವರೆಗೆ 11, 1900ರ ಫೆಬ್ರವರಿವರೆಗೆ 12, ಆಮೇಲೆ 13 ಕೂಡಿಸಿ. ರಷ್ಯಾದ 1917ರ ಅಕ್ಟೋಬರ್ ಕ್ರಾಂತಿಯನ್ನು ನವೆಂಬರ್ 7ಕ್ಕೆ ಬರೆಯುವುದು ಇದಕ್ಕೇ.

ಇಸವಿಯಲ್ಲೂ ಎಡವಟ್ಟಾಗುತ್ತದೆ. 1752ಕ್ಕೆ ಮೊದಲು ಇಂಗ್ಲೆಂಡಿನಲ್ಲಿ ಹೊಸ ವರ್ಷ ಮಾರ್ಚ್ 25ಕ್ಕೆ ಶುರುವಾಗುತ್ತಿತ್ತು. ಜನವರಿ 1ರಿಂದ ಮಾರ್ಚ್ 24ರವರೆಗಿನ ಹಳೆಯ ತಾರೀಖಿನ ಇಸವಿಗೆ ಒಂದು ಸೇರಿಸಬೇಕಾಗಬಹುದು. ಪುಸ್ತಕದವರು ಆಗಲೇ ತಿದ್ದಿದ್ದಾರೋ ಇಲ್ಲವೋ ಸ್ಪಷ್ಟವಾಗದಿದ್ದರೆ ಆ ಸಾಲು ಕೈಬಿಡಿ.